ಗ್ರಹಣದ ಮುಂದೆ, ಗೂಡಿನ ಮುಂದೆ



1980ರ ಫೆಬ್ರವರಿ 16ರ ಮಧ್ಯಾಹ್ನ ಪೂರ್ಣ ಸೂರ್ಯಗ್ರಹಣದ ನೆರಳು ಅಂಕೋಲೆಯ ಕಡಲತೀರದಿಂದ ರಾಯಚೂರು ಸೀಮೆಯತ್ತ ಕರ್ನಾಟಕವನ್ನು ಹಾದುಹೋಯಿತು. ಅನೇಕ ಮನೆಗಳು ಕದವಿಕ್ಕಿಕೊಂಡಿದ್ದವು. ಖಗೋಳ ವಿಜ್ಞಾನಿಗಳು ಮಾತ್ರ ದೂರದರ್ಶಕ, ಕ್ಯಾಮೆರಾಗಳನ್ನು ಹೂಡಿ ಬಯಲಿನಲ್ಲಿ ಕಾದಿದ್ದರು. ಅವರಿಗೆ ದೊರೆತದ್ದು ಮೂರು ನಿಮಿಷಕ್ಕೂ ಕಡಿಮೆ ಕಾಲ. ಸೂರ್ಯನ ಸುತ್ತಣ ಕರೋನಾ ಎಂಬ ಪ್ರಭಾವಳಿಯನ್ನು ಆಗ ಸೆರೆಹಿಡಿಯಬೇಕು. ತಪ್ಪಿದರೆ ಮುಂದಿನ ಗ್ರಹಣಕ್ಕೆ ಬೇರೆ ದೇಶವನ್ನೇ ಅರಸಿ ಹೋಗಬೇಕು. ಅದನ್ನು ಒಂದು ಕ್ಷಣವೂ ಹಿಂದೆಮುಂದೆ ಮಾಡುವ ಶಕ್ತಿ ಯಾವ ಛಾಯಾಗ್ರಾಹಕನಿಗೂ ಇಲ್ಲ.

ಕಾಡಿನಲ್ಲಿ ಆ ಶಕ್ತಿ ಅವನಿಗಿದೆ. ತೊಡಕು ಹುಟ್ಟುವುದು ಅಲ್ಲಿಯೇ. ಧ್ವನಿಮುದ್ರಿಕೆ ನುಡಿಸಿ ಹಕ್ಕಿಯನ್ನು ಕರೆಯಬಹುದು, ಗೂಡಿಗೆ ಮರೆಯಾದ ಎಲೆಗಳನ್ನು ಸವರಬಹುದು, ಕಪ್ಪೆಯನ್ನು ಎತ್ತಿ ಚೆಂದದ ಎಲೆಯ ಮೇಲಿರಿಸಬಹುದು.

ಕಾಯುವ ದಾರಿಯೂ ಹೊಸತೇನಲ್ಲ. ಅರಣ್ಯಾಧಿಕಾರಿ ಎಫ್. ಡಬ್ಲ್ಯು. ಚಾಂಪಿಯನ್ 1920ರ ದಶಕದಲ್ಲಿ ಹಿಮಾಲಯದ ತಪ್ಪಲಿನ ಕಾಡುದಾರಿಗಳಿಗೆ ಅಡ್ಡಲಾಗಿ ತಂತಿ ಕಟ್ಟಿ, ಅದನ್ನು ತುಳಿದ ಹುಲಿಯೇ ತನ್ನ ಚಿತ್ರ ತೆಗೆದುಕೊಳ್ಳುವಂತೆ ಮಾಡಿದ. ಫ್ಲಾಶಿನ ಬೆಳಕಿಗೆ ಹುಲಿ ಬೆಚ್ಚಿರಲೂಬಹುದು. ಆದರೂ ಕೋವಿಯ ಆ ಕಾಲದಲ್ಲಿ ಅದು ಸಣ್ಣ ಮಾತಲ್ಲ. ಒಂದು ಹುಲಿಯ ಪಟ್ಟೆ ಇನ್ನೊಂದರಂತಿಲ್ಲವೆಂದು ಆ ಚಿತ್ರಗಳಿಂದ ಅವನು ಗುರುತಿಸಿದ. 1990ರ ದಶಕದಲ್ಲಿ ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು ಸ್ವಯಂಚಾಲಿತ ಕ್ಯಾಮೆರಾಗಳನ್ನಿಟ್ಟು ಹುಲಿಗಳ ಸಂಖ್ಯೆಯನ್ನು ಅಂದಾಜು ಮಾಡಿದ್ದು ಪಟ್ಟೆಗಳ ಇದೇ ವ್ಯತ್ಯಾಸವನ್ನು ಆಧರಿಸಿ. ಚೌಕಟ್ಟು ವಾರೆಯಾದ, ಬಾಲ ತುಂಡಾದ ಚಿತ್ರವೂ ಅಲ್ಲಿ ಬೆಲೆಯುಳ್ಳದ್ದು.

ಮಲೆನಾಡಿಗೆ ಬರುವ ಪ್ರವಾಸಿಗರು ಬಯಸುವುದು ಅಂಥ ಚಿತ್ರವನ್ನಲ್ಲ. ಬೇಸಿಗೆಯಲ್ಲಿ ಅವರನ್ನು ಸೆಳೆಯುವುದು ಮಂಗಟ್ಟೆ, ಅಂದರೆ ಹಾರ್ನ್‌ಬಿಲ್. ಹೆಣ್ಣು ಹಕ್ಕಿ ಹೆಮ್ಮರದ ಪೊಟರೆಯನ್ನು ಹೊಕ್ಕು, ಬಾಯಿಯನ್ನು ಮೆತ್ತಿ ಮುಚ್ಚಿ, ಕೊಕ್ಕು ಚಾಚುವಷ್ಟು ಸೀಳನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಒಳಗೆ ಅದರ ಹಾರುವ ಗರಿಗಳೂ ಉದುರುತ್ತವೆ. ವಾರಗಟ್ಟಲೆ ತಾಯಿಗೂ ಬಳಿಕ ಮರಿಗೂ ಗಂಡು ತರುವ ಹಣ್ಣೇ ಆಧಾರ. ಮರದಡಿ ಹತ್ತು ಮಂದಿ ಮುಕ್ಕಾಲಿ ಹೂಡಿ ನಿಂತರೆ ಅಂಜಿದ ಗಂಡು ದೂರದ ಕೊಂಬೆಯಲ್ಲಿಯೇ ಕುಳಿತಿರುತ್ತದೆ. ಅದು ಕಳೆದುಕೊಂಡ ಹೊತ್ತು ಪೊಟರೆಯೊಳಗೆ ಹಸಿವಾಗುತ್ತದೆ. ಆ ಹಸಿವು ಯಾವ ಚಿತ್ರದಲ್ಲಿಯೂ ಕಾಣದು.

ಈಚಿನ ಅಪಾಯ ಇನ್ನೂ ಸೂಕ್ಷ್ಮ. ಮೊಬೈಲಿನಲ್ಲಿ ತೆಗೆದ ಚಿತ್ರದೊಳಗೆ ಸ್ಥಳದ ಅಕ್ಷಾಂಶ, ರೇಖಾಂಶಗಳು ಅಡಗಿರಬಹುದು. ಮಂಗಟ್ಟೆ ಜೋಡಿ ಬಹುಮಟ್ಟಿಗೆ ಅದೇ ಪೊಟರೆಗೆ ವರ್ಷವರ್ಷವೂ ಮರಳುತ್ತದೆ. ಹೀಗಾಗಿ ಈ ವರ್ಷ ಹಂಚಿದ ಚಿತ್ರ ಬರುವ ವರ್ಷದ ಗುಂಪಿಗೆ ದಾರಿ ತೋರುತ್ತದೆ. ಸ್ಥಳ ದಾಖಲಿಸುವ ಸೌಲಭ್ಯವನ್ನು ಕಾಡಿನ ಅಂಚಿನಲ್ಲಿಯೇ ಆರಿಸಬೇಕು. ಗೂಡಿನ ಮರದ ಗುರುತನ್ನು, ಮರಿ ಹಾರಿದ ಮೇಲೆಯೂ, ಯಾರಿಗೂ ಹೇಳಬಾರದು.