ಕಪಾಟಿನೊಳಗಿನ ನೆರೆಹೊರೆ



ಬೆಂಗಳೂರಿನ ಹಳೆಯ ಪೇಟೆಗಳ ಹೆಸರುಗಳೇ ಒಂದು ಪಾಠ. ಅಕ್ಕಿಪೇಟೆಯಲ್ಲಿ ಅಕ್ಕಿ, ರಾಗಿಪೇಟೆಯಲ್ಲಿ ರಾಗಿ, ಅರಳೇಪೇಟೆಯಲ್ಲಿ ಹತ್ತಿ, ತರಗುಪೇಟೆಯಲ್ಲಿ ದವಸಧಾನ್ಯ. ಒಂದೊಂದು ಸರಕಿಗೆ ಒಂದೊಂದು ಬೀದಿ ಎಂಬ ಏರ್ಪಾಡು ಆ ಹೆಸರುಗಳಲ್ಲಿ ಇಂದಿಗೂ ಉಳಿದಿದೆ. ಆದರೆ ಊರು ಬೆಳೆಯುತ್ತ ಹೋದಂತೆ ಈ ಏರ್ಪಾಡು ಕಲಸಿಹೋಯಿತು. ತರಗುಪೇಟೆಯ ಬೀದಿಗಳಲ್ಲಿ ಧಾನ್ಯದ ಮಂಡಿಗಳ ಜೊತೆಗೆ ಲಾರಿ ಆಫೀಸುಗಳು, ಗೋದಾಮುಗಳು, ಸಣ್ಣಪುಟ್ಟ ಅಂಗಡಿಗಳು ಸೇರಿಕೊಂಡವು.

2021ರ ಸೆಪ್ಟೆಂಬರ್ 23, ಗುರುವಾರ. ಮಧ್ಯಾಹ್ನದ ಹೊತ್ತಿಗೆ ನ್ಯೂ ತರಗುಪೇಟೆಯ ಸರಕು ಸಾಗಣೆಯ ಗೋದಾಮೊಂದರಲ್ಲಿ ಭಾರಿ ಸ್ಫೋಟವಾಯಿತು. ಮೂವರು ಪ್ರಾಣ ಕಳೆದುಕೊಂಡರು. ಇನ್ನೂ ಕೆಲವರು ಗಾಯಗೊಂಡರು. ಗ್ಯಾಸ್ ಸಿಲಿಂಡರೋ ಪಂಕ್ಚರ್ ಅಂಗಡಿಯ ಕಂಪ್ರೆಸರೋ ಸಿಡಿದಿರಬೇಕೆಂದು ಜನ ಮೊದಲು ಭಾವಿಸಿದರು. ಅದು ಹಾಗಲ್ಲ, ಸಿಡಿದದ್ದು ಅಲ್ಲಿ ದಾಸ್ತಾನಾಗಿದ್ದ ಪಟಾಕಿ ಪೆಟ್ಟಿಗೆಗಳು ಎಂದು ಪೊಲೀಸರು ಅಂದೇ ತಿಳಿಸಿದರು.

ಪಟಾಕಿಯ ಗೋದಾಮಿಗೂ ನಿಮ್ಮ ಶಾಲಾ ಕಾಲೇಜಿನ ರಸಾಯನಶಾಸ್ತ್ರದ ಪ್ರಯೋಗಾಲಯಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಬಹಳ ಹತ್ತಿರದ್ದು. ಪಟಾಕಿಯೊಳಗೆ ಮುಖ್ಯವಾಗಿ ಇರುವುದು ಎರಡು ಬಗೆಯ ಪದಾರ್ಥ. ಒಂದು ಉರಿಯುವಂಥದ್ದು, ಇನ್ನೊಂದು ಉರಿಸುವಂಥದ್ದು. ಗಂಧಕ, ಇದ್ದಿಲು, ಅಲ್ಯೂಮಿನಿಯಂ ಪುಡಿ ಇವು ಉರಿಯುವಂಥವು. ಪೆಟ್ಲುಪ್ಪು, ಅಂದರೆ ಪೊಟ್ಯಾಸಿಯಂ ನೈಟ್ರೇಟ್, ಮತ್ತು ಅದರ ಬಳಗದ ಲವಣಗಳು ಉರಿಸುವಂಥವು. ಈ ಎರಡನೆಯ ಬಗೆಯನ್ನು ನಿಮ್ಮ ಪಠ್ಯಪುಸ್ತಕ ಉತ್ಕರ್ಷಣಕಾರಿಗಳು ಎಂದು ಕರೆಯುತ್ತದೆ. ಇವೇ ಲವಣಗಳು ನಿಮ್ಮ ಪ್ರಯೋಗಾಲಯದ ಕಪಾಟಿನಲ್ಲಿಯೂ ಇವೆ. ಉರಿಯುವಂಥವೂ ಅದೇ ಕಪಾಟಿನಲ್ಲಿವೆ.

ಉತ್ಕರ್ಷಣಕಾರಿ ತಾನಾಗಿ ಉರಿಯಬೇಕೆಂದಿಲ್ಲ. ಆದರೆ ಪಕ್ಕದಲ್ಲಿರುವುದನ್ನು ಉರಿಸಬಲ್ಲದು. ಇದು ಹೇಗೆ ಸಾಧ್ಯ? ಶಾಲೆಯಲ್ಲಿ ಆಮ್ಲಜನಕ ತಯಾರಿಸುವ ಹಳೆಯ ಪಾಠವನ್ನೇ ನೆನಪಿಗೆ ತಂದುಕೊಳ್ಳಿ. ಪೊಟ್ಯಾಸಿಯಂ ಕ್ಲೋರೇಟಿಗೆ ಕ್ರಿಯಾವರ್ಧಕವಾಗಿ ಮ್ಯಾಂಗನೀಸ್ ಡೈಆಕ್ಸೈಡ್ ಸೇರಿಸಿ ಕಾಯಿಸಿದರೆ ಆಮ್ಲಜನಕ ಹೊರಬರುತ್ತದೆ. ಸಮೀಕರಣದ ಪ್ರಕಾರ 245 ಗ್ರಾಂ ಕ್ಲೋರೇಟಿನಿಂದ 96 ಗ್ರಾಂ ಆಮ್ಲಜನಕ. ಹಾಗಾದರೆ 100 ಗ್ರಾಂ ಕ್ಲೋರೇಟಿನೊಳಗೆ ಸುಮಾರು 39 ಗ್ರಾಂ ಆಮ್ಲಜನಕ ಅಡಗಿದೆ. ಬಿಡುಗಡೆಯಾದಾಗ ಅದು ಕೋಣೆಯ ಉಷ್ಣತೆಯಲ್ಲಿ ಸುಮಾರು 30 ಲೀಟರ್ ಅನಿಲ. 140 ಲೀಟರಿಗೂ ಹೆಚ್ಚು ಗಾಳಿಯಲ್ಲಿ ಇರುವಷ್ಟು ಆಮ್ಲಜನಕ ಒಂದು ಟೀ ಲೋಟದಲ್ಲಿ ಹಿಡಿಯುವ ಬಿಳಿಯ ಪುಡಿಯೊಳಗೆ ಸದ್ದಿಲ್ಲದೆ ಕುಳಿತಿದೆ! ಅದರ ಜೊತೆ ಗಂಧಕವೋ ಸಕ್ಕರೆಯೋ ಕಾಗದದ ಚೂರೋ ಸೇರಿಕೊಂಡಿದ್ದರೆ, ಹೊರಗಿನ ಗಾಳಿಗಾಗಿ ಕಾಯಬೇಕಾದ ಅಗತ್ಯ ಬೆಂಕಿಗೆ ಇರುವುದಿಲ್ಲ.

ಈ ಅಪಾಯವನ್ನು ತೋರಿಸಲು ನಮ್ಮ ಕಾರ್ಯಕ್ರಮದಲ್ಲಿ ನಾವು ಯಾವ ಸ್ಫೋಟವನ್ನೂ ಮಾಡಿ ತೋರಿಸಿಲ್ಲ. ಮೇಜಿನ ಮೇಲೆ ಇಟ್ಟದ್ದು ಒಂದು ಬೆಂಕಿಪೊಟ್ಟಣ ಮಾತ್ರ. ಅಷ್ಟೇ ಸಾಕು. ಕಡ್ಡಿಯ ತುದಿಯಲ್ಲಿ ಇರುವುದು ಪೊಟ್ಯಾಸಿಯಂ ಕ್ಲೋರೇಟ್. ಪೊಟ್ಟಣದ ಪಕ್ಕದ ಕಂದು ಪಟ್ಟಿಯಲ್ಲಿ ಇರುವುದು ಕೆಂಪು ರಂಜಕ. ಹಿಂದಿನ ಕಾಲದ ಬೆಂಕಿಕಡ್ಡಿಯಲ್ಲಿ ರಂಜಕವೂ ಕಡ್ಡಿಯ ತುದಿಯಲ್ಲೇ ಇರುತ್ತಿತ್ತು. ಎಲ್ಲಿ ಉಜ್ಜಿದರೂ, ಜೇಬಿನಲ್ಲಿ ತಿಕ್ಕಿದರೂ ಹೊತ್ತಿಕೊಳ್ಳುತ್ತಿತ್ತು. 1844ರಲ್ಲಿ ಸ್ವೀಡನ್ನಿನ ಗುಸ್ತಾಫ್ ಎರಿಕ್ ಪಾಶ್ ಎಂಬ ರಸಾಯನಶಾಸ್ತ್ರಜ್ಞ ರಂಜಕವನ್ನು ಕಡ್ಡಿಯಿಂದ ತೆಗೆದು ಉಜ್ಜುವ ಪಟ್ಟಿಗೆ ಸಾಗಿಸಿದ. ಆಗ ಹುಟ್ಟಿದ್ದು ಸೇಫ್ಟಿ ಮ್ಯಾಚಸ್, ಸುರಕ್ಷಿತ ಬೆಂಕಿಕಡ್ಡಿ. ಪದಾರ್ಥಗಳು ಹೆಚ್ಚುಕಡಿಮೆ ಅವೇ. ಮುಖ್ಯವಾಗಿ ಬದಲಾದದ್ದು ಅವು ಕೂತ ಜಾಗ. ಒಂದೇ ಪೊಟ್ಟಣದಲ್ಲಿದ್ದರೂ ಬೇರೆ ಬೇರೆ. ನಾವು ಬೇಕೆಂದಾಗ ಮಾತ್ರ, ಬೇಕಾದಷ್ಟು ಮಾತ್ರ, ಅವು ಸಂಧಿಸುತ್ತವೆ. ಅಪಾಯಕಾರಿ ರಾಸಾಯನಿಕಗಳನ್ನು ಇಡುವ ವಿದ್ಯೆಯ ತಿರುಳೆಲ್ಲ ಆ ಪೊಟ್ಟಣದಲ್ಲಿದೆ.

ಈಗ ನಿಮ್ಮ ಪ್ರಯೋಗಾಲಯದ ಕಪಾಟಿನ ಕಡೆ ಬನ್ನಿ. ಬಾಟಲಿಗಳನ್ನು ಯಾವ ಕ್ರಮದಲ್ಲಿ ಜೋಡಿಸಿದ್ದಾರೆ? ಅನೇಕ ಕಡೆ ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ. ಹುಡುಕಲು ಸುಲಭ, ನೋಡಲು ಚೆಂದ. ಆದರೆ ಆ ಕ್ರಮದಲ್ಲಿ ಫಾಸ್ಫರಸ್ ಬರುವುದು 'ಪಿ' ಅಕ್ಷರದಲ್ಲಿ. ಪೊಟ್ಯಾಸಿಯಂ ಕ್ಲೋರೇಟ್, ಪೊಟ್ಯಾಸಿಯಂ ನೈಟ್ರೇಟ್, ಪೊಟ್ಯಾಸಿಯಂ ಪರ್ಮಾಂಗನೇಟ್ ಬರುವುದೂ 'ಪಿ' ಅಕ್ಷರದಲ್ಲಿಯೇ. ಬೆಂಕಿಪೊಟ್ಟಣದಲ್ಲಿ ಪಾಶ್ ದೂರ ಮಾಡಿದ ಇಬ್ಬರನ್ನು ಅಕ್ಷರಮಾಲೆ ಮತ್ತೆ ಅಕ್ಕಪಕ್ಕ ಕೂರಿಸಿಬಿಡುತ್ತದೆ. ಒಂದು ಬಾಟಲಿ ಕೈತಪ್ಪಿ ಬಿದ್ದು ಪಕ್ಕದ ಬಾಟಲಿಯೂ ಒಡೆದರೆ ಏನಾದೀತು ಎಂಬ ಪ್ರಶ್ನೆಯನ್ನು ಅಕ್ಷರಮಾಲೆ ಕೇಳುವುದಿಲ್ಲ. ನಾವು ಕೇಳಬೇಕು. ಆದ್ದರಿಂದ ರಾಸಾಯನಿಕಗಳನ್ನು ಮೊದಲು ಗುಣದ ಪ್ರಕಾರ ಬೇರ್ಪಡಿಸಬೇಕು: ಉರಿಸುವಂಥವು ಒಂದು ಕಡೆ, ಉರಿಯುವಂಥವು ಇನ್ನೊಂದು ಕಡೆ, ಆಮ್ಲಗಳು ಮತ್ತೊಂದು ಕಡೆ. ಅಕ್ಷರಕ್ರಮ ಬೇಕಿದ್ದರೆ ಪ್ರತಿಯೊಂದು ಗುಂಪಿನ ಒಳಗೆ ಇರಲಿ.

ಕ್ಲೋರೇಟ್ ಮತ್ತು ಗಂಧಕದ ಜೋಡಿಯಂತೂ ಕಾನೂನಿನ ಕಣ್ಣಿಗೇ ಬಿದ್ದಿದೆ. ಇವೆರಡರ ಮಿಶ್ರಣ ಉಜ್ಜಿದರೂ ಬಡಿದರೂ ಸಿಡಿಯಬಲ್ಲದು; ಕೆಲವೊಮ್ಮೆ ಇಟ್ಟಲ್ಲೇ ತಾನಾಗಿ ಹೊತ್ತಿಕೊಳ್ಳಬಲ್ಲದು. ಕ್ಲೋರೇಟ್ ಮತ್ತು ಗಂಧಕ ಬೆರೆತ ಸ್ಫೋಟಕಗಳ ತಯಾರಿಕೆಯನ್ನೂ ದಾಸ್ತಾನನ್ನೂ ಭಾರತ ಸರ್ಕಾರ 1992ರ ಜನವರಿಯಲ್ಲಿ ನಿಷೇಧಿಸಿತು. ಬೆಂಕಿಕಡ್ಡಿಯ ತಲೆಯಂಥ ಕೆಲವು ಸಣ್ಣ ಬಳಕೆಗಳಿಗೆ ಮಾತ್ರ ವಿನಾಯಿತಿ ಸಿಕ್ಕಿತು. ಕಾರ್ಖಾನೆಯವರಿಗೇ ಬೇಡವೆಂದ ಮಿಶ್ರಣವನ್ನು ಕುತೂಹಲಕ್ಕಾಗಿ ಮಾಡಿನೋಡುವ ಆಸೆ ನಿಮಗೆ ಎಂದೂ ಬಾರದಿರಲಿ. ಮನೆಯಲ್ಲಿ ಹೀಗೆ ಮಾಡಲು ಹೋಗಿ ಬೆರಳುಗಳನ್ನೂ ಕಣ್ಣನ್ನೂ ಕಳೆದುಕೊಂಡ ಮಕ್ಕಳು ನಿಮ್ಮ ವಯಸ್ಸಿನವರೇ.

ಉತ್ಕರ್ಷಣಕಾರಿಗಳನ್ನು ಇಡುವ ಮತ್ತು ಬಳಸುವ ಕ್ರಮವನ್ನು ಈಗ ನೋಡೋಣ.

ಒಂದು, ಜಾಗ. ತಂಪಾದ, ತೇವವಿಲ್ಲದ, ಬಿಸಿಲು ಬೀಳದ ಜಾಗ ಬೇಕು. ಮರದ ಹಲಗೆಗಿಂತ ಲೋಹದ ಕಪಾಟು ಒಳ್ಳೆಯದು. ಮರವೂ ಉರಿಯುವ ವಸ್ತುವೇ ತಾನೆ? ಕಪಾಟಿನಲ್ಲಿ ಹಳೆಯ ಪತ್ರಿಕೆ ಹಾಸಬಾರದು. ಸ್ಪಿರಿಟ್, ಅಸಿಟೋನ್ ಮುಂತಾದ ದ್ರವಗಳು ಆ ಕಪಾಟಿನ ಹತ್ತಿರ ಸುಳಿಯಬಾರದು. ಗಾಢ ಸಲ್ಫ್ಯೂರಿಕ್ ಆಮ್ಲವೂ ದೂರವಿರಬೇಕು. ಅದು ಕ್ಲೋರೇಟಿನ ಮೇಲೆ ಬಿದ್ದರೆ ಕ್ಲೋರಿನ್ ಡೈಆಕ್ಸೈಡ್ ಎಂಬ ಸಿಡಿಯುವ ಅನಿಲ ಹುಟ್ಟುತ್ತದೆ.

ಎರಡು, ಡಬ್ಬಿ. ತಯಾರಕರು ಕಳಿಸಿದ ಬಾಟಲಿಯಲ್ಲಿಯೇ ಇಡುವುದು ಉತ್ತಮ. ಬಿಗಿಯಾದ ಪ್ಲಾಸ್ಟಿಕ್ ಮುಚ್ಚಳ ಇರಲಿ. ಬೆಂಡಿನ ಬಿರಡೆ ಬೇಡ.

ಮೂರು, ಬಳಕೆ. ಶುದ್ಧವಾದ, ಒಣಗಿದ ಚಮಚದಿಂದ ತೆಗೆಯಬೇಕು. ಗಂಧಕಕ್ಕೆ ಹಾಕಿದ ಚಮಚವನ್ನು ಕ್ಲೋರೇಟಿಗೆ ಹಾಕಬಾರದು. ಮಿಕ್ಕದ್ದನ್ನು ಮತ್ತೆ ಬಾಟಲಿಗೆ ಸುರಿಯಬಾರದು. ಬೇರೆ ಯಾವುದೇ ಪದಾರ್ಥದ ಜೊತೆ ಸೇರಿಸಿ ಕಲ್ಬತ್ತಿನಲ್ಲಿ ಅರೆಯಬಾರದು.

ನಾಲ್ಕು, ಚೆಲ್ಲಿದರೆ. ಕೂಡಲೇ ಅಧ್ಯಾಪಕರಿಗೆ ತಿಳಿಸಿ. ಚೆಲ್ಲಿದ್ದರ ಮೇಲೆ ಮರದ ಹೊಟ್ಟು ಹಾಕಬಾರದು. ಗುಡಿಸಿ ಕಾಗದದ ಕಸದ ಬುಟ್ಟಿಗೂ ಹಾಕಬಾರದು. ಬಟ್ಟೆಗೆ ಬಿದ್ದಿದ್ದರೆ ಒಣಗಲು ಬಿಡದೆ ಧಾರಾಳವಾಗಿ ನೀರಿನಲ್ಲಿ ತೊಳೆಯಬೇಕು.

ಐದು, ಬೆಂಕಿ. ಆಮ್ಲಜನಕವನ್ನು ಒಳಗೇ ಹೊತ್ತಿರುವ ಬೆಂಕಿಯ ಮೇಲೆ ಮರಳು ಸುರಿದು ಗಾಳಿ ತಡೆದರೆ ಅದು ಆರುವುದಿಲ್ಲ. ಅದನ್ನು ತಣಿಸುವುದು ಹೇರಳವಾದ ನೀರು. ಆದರೆ ಆ ಕೆಲಸ ಅಗ್ನಿಶಾಮಕ ದಳದವರದ್ದು. ನಿಮ್ಮ ಕೆಲಸ ಹೊರಗೆ ಓಡುವುದು, ಉಳಿದವರನ್ನು ಕರೆದುಕೊಂಡು ಹೋಗುವುದು, 101 ಅಥವಾ 112ಕ್ಕೆ ಫೋನ್ ಮಾಡುವುದು, ಒಳಗೆ ಏನಿದೆ ಎಂದು ಬಂದವರಿಗೆ ಹೇಳುವುದು.

ಆರನೆಯದು ಲೇಬಲ್, ಅಂದರೆ ಹೆಸರಿನ ಚೀಟಿ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮ್ಯಾಂಗನೀಸ್ ಡೈಆಕ್ಸೈಡೂ ಕಪ್ಪು ಪುಡಿ, ಇದ್ದಿಲ ಪುಡಿಯೂ ಕಪ್ಪು. ಚೀಟಿ ಉದುರಿದ ಡಬ್ಬಿಯಿಂದ ಒಂದರ ಬದಲು ಇನ್ನೊಂದನ್ನು ತೆಗೆದು ಕ್ಲೋರೇಟಿಗೆ ಬೆರೆಸಿ ಕಾಯಿಸಿದರೆ, ಆಮ್ಲಜನಕ ತಯಾರಿಸುವ ಪ್ರಯೋಗ ಹೋಗಿ ಪ್ರನಾಳವೇ ಸಿಡಿಯುತ್ತದೆ. ಲೇಬಲ್ ಇರುವುದು ಗೊತ್ತಿರುವವರಿಗಲ್ಲ. ಡಬ್ಬಿಯನ್ನು ಅಲ್ಲಿಟ್ಟವರಿಗೆ ಅದರೊಳಗೆ ಏನಿದೆ ಎಂದು ಗೊತ್ತೇ ಇರುತ್ತದೆ. ಆಮೇಲೆ ಬರುವ ಅಟೆಂಡರಿಗೆ, ಮುಂದಿನ ವರ್ಷದ ವಿದ್ಯಾರ್ಥಿಗೆ, ಪೆಟ್ಟಿಗೆಯನ್ನು ಲಾರಿಯಿಂದ ಇಳಿಸುವ ಹಮಾಲಿಗೆ ಗೊತ್ತಿರುವುದಿಲ್ಲ. ವೃತ್ತದ ಮೇಲೆ ಜ್ವಾಲೆ ಉರಿಯುವ ಚಿತ್ರ ಇದ್ದರೆ ಅದು ಉತ್ಕರ್ಷಣಕಾರಿ ಎಂದು ತಿಳಿಯಬೇಕು. ಈ ಗುರುತು ಪ್ರಪಂಚದಾದ್ಯಂತ ಒಂದೇ. ಓದು ಬಾರದವರಿಗೂ ಅರ್ಥವಾಗಲೆಂದು ಚಿತ್ರದಲ್ಲಿದೆ. ಹೆಸರಿಲ್ಲದ ಡಬ್ಬಿಯನ್ನು ಎತ್ತುವವನು, ತಾನು ಏನನ್ನು ಎತ್ತುತ್ತಿದ್ದೇನೆ ಎಂದು ತಿಳಿಯುವ ಹಕ್ಕನ್ನೇ ಕಳೆದುಕೊಳ್ಳುತ್ತಾನೆ.

ಕೊನೆಯದಾಗಿ ಪ್ರಮಾಣ ಮತ್ತು ದೂರ. ಇದು ನಮ್ಮ ನಾಡಿನವರಿಗೆ ಹೊಸ ತಿಳಿವಳಿಕೆಯೇನಲ್ಲ. ಶ್ರೀರಂಗಪಟ್ಟಣಕ್ಕೆ ಹೋದಾಗ ಟಿಪ್ಪುವಿನ ಕಾಲದ ಮದ್ದಿನ ಮನೆಗಳನ್ನು ಗಮನಿಸಿ. ಇಟ್ಟಿಗೆ ಗಾರೆಯ ದಪ್ಪ ಗೋಡೆ, ನೆಲದೊಳಗೆ ತಗ್ಗಿಸಿ ಕಟ್ಟಿದ ಕಟ್ಟಡ. ಮದ್ದನ್ನೆಲ್ಲ ಒಂದೇ ಕಡೆ ಸುರಿಯದೆ ಕೋಟೆಯ ಬೇರೆ ಬೇರೆ ಭಾಗಗಳಲ್ಲಿ ಹಂಚಿ ಇಡುತ್ತಿದ್ದರು. ಒಂದು ಕಡೆ ಅನಾಹುತವಾದರೂ ಉಳಿದದ್ದು ಉಳಿಯಲಿ ಎಂಬ ಲೆಕ್ಕ. ಅವುಗಳಲ್ಲೊಂದನ್ನು 2017ರಲ್ಲಿ ರೈಲು ಮಾರ್ಗಕ್ಕಾಗಿ ಇಡಿಯಾಗಿ ಎತ್ತಿ ಪಕ್ಕಕ್ಕೆ ಸರಿಸಿದರು. ಅಷ್ಟು ಗಟ್ಟಿ ಕಟ್ಟಡ!

ಈ ಲೆಕ್ಕವನ್ನು ಮರೆತರೆ ಏನಾಗುತ್ತದೆ ಎನ್ನುವುದಕ್ಕೆ ಬೈರೂತ್ ಸಾಕ್ಷಿ. ಅಲ್ಲಿನ ಬಂದರಿನ ಗೋದಾಮಿನಲ್ಲಿ 2,750 ಟನ್ ಅಮೋನಿಯಂ ನೈಟ್ರೇಟ್, ಇದೂ ಉತ್ಕರ್ಷಣಕಾರಿಯೇ, ವರ್ಷಗಟ್ಟಲೆ ಬಿದ್ದಿತ್ತು. 2020ರ ಆಗಸ್ಟ್ 4ರಂದು ಅದು ಸಿಡಿದು 200ಕ್ಕೂ ಹೆಚ್ಚು ಜನ ಸತ್ತರು. ಅದೇ ವರ್ಷ ನವೆಂಬರ್ 10ರಂದು ನಮ್ಮ ಮೈಸೂರು ರಸ್ತೆಯ ಕಡೆಯ ಹೊಸಗುಡ್ಡದಹಳ್ಳಿಯಲ್ಲಿ, ಮನೆಗಳ ನಡುವೆ ಇದ್ದ ರಾಸಾಯನಿಕಗಳ ಗೋದಾಮು ಹೊತ್ತಿ ಉರಿದು, ಸುತ್ತಲಿನವರು ಮನೆ ಬಿಟ್ಟು ಹೊರಬರಬೇಕಾಯಿತು. ಪಟಾಕಿ ದಾಸ್ತಾನಿಗೆ 2008ರ ಸ್ಫೋಟಕ ನಿಯಮಗಳ ಪ್ರಕಾರ ಪರವಾನಗಿ ಬೇಕು. ಎಷ್ಟು ಇಡಬಹುದು, ಎಷ್ಟು ದೂರದಲ್ಲಿ ಇಡಬೇಕು ಎಂಬ ಲೆಕ್ಕವೂ ಅಲ್ಲಿದೆ. ನಿಮ್ಮ ಪ್ರಯೋಗಾಲಯಕ್ಕೂ ಅದೇ ನೀತಿ ಸಲ್ಲುತ್ತದೆ: ಒಂದು ವರ್ಷಕ್ಕೆ 100 ಗ್ರಾಂ ಸಾಕಾದರೆ ಅರ್ಧ ಕಿಲೋ ತರಿಸಬಾರದು. ಬಂದ ದಿನ, ತೆರೆದ ದಿನ ಎರಡನ್ನೂ ಬಾಟಲಿಯ ಮೇಲೆ ಬರೆದಿಡಬೇಕು.

ಮಿತ್ರರೇ, ತರಗುಪೇಟೆಯಲ್ಲಿ ಸತ್ತವರು ಮನೆಯಿಂದ ಹೊರಟದ್ದು ಎಂದಿನ ಕೆಲಸಕ್ಕೆ. ಗೋದಾಮಿನಲ್ಲಿ ಏನನ್ನು ಇಡಬೇಕು ಎಂದು ತೀರ್ಮಾನ ಮಾಡುವವರು ಬೇರೆ, ಅದರ ಪಕ್ಕದಲ್ಲಿ ದಿನ ಕಳೆಯುವವರು ಬೇರೆ. ಪ್ರಯೋಗಾಲಯದಲ್ಲಿಯೂ ಹೀಗೆಯೇ. ಆದ್ದರಿಂದ ನಾಳೆ ಪ್ರಯೋಗಾಲಯಕ್ಕೆ ಹೋದಾಗ ಅಧ್ಯಾಪಕರ ಅನುಮತಿ ಪಡೆದು ಕಪಾಟನ್ನು ಒಮ್ಮೆ ನೋಡಿ. ಮುಟ್ಟಬೇಡಿ, ನೋಡಿ. ಯಾವುದರ ಪಕ್ಕ ಯಾವುದಿದೆ? ಹೆಸರಿಲ್ಲದ ಬಾಟಲಿ ಯಾವುದು? ಮುಚ್ಚಳ ಕಚ್ಚಿಕೊಂಡದ್ದು ಯಾವುದು? ಅದನ್ನು ತೆರೆಯಲು ಹೋಗದೆ, ಕಂಡದ್ದನ್ನು ಒಂದು ಹಾಳೆಯಲ್ಲಿ ಬರೆದು ಅಧ್ಯಾಪಕರಿಗೆ ಕೊಡಿ. ಅಂಕಗಳಿಲ್ಲದ ಈ ಪ್ರಯೋಗಕ್ಕೆ ಅರ್ಧ ಗಂಟೆ ಸಾಕು. ಆ ಹಾಳೆಯಿಂದ ಕಪಾಟಿನ ಒಂದು ಬಾಟಲಿ ಜಾಗ ಬದಲಿಸಿದರೂ, ನೀವು ರಸಾಯನಶಾಸ್ತ್ರ ಓದಿದ್ದು ಸಾರ್ಥಕ.