ಸರಕಾರದ ಸಂಬಳ, ಮರೆಯ ಅಂಗಡಿ
(ಬಳಿಚಕ್ರದಲ್ಲಿ ಸೇರಿದ ಹಾಸ್ಟೆಲ್ ಗೆಳೆಯರ ಮುಂದೆ ಆಡಿದ ಮಾತು)



ನಾನು ಭಾಷಣಕಾರನಲ್ಲ. ಬಿ.ಎ. ಮುಗಿಸಿ, ನಾಲ್ಕು ಕವಿತೆ ಬರೆದುಕೊಂಡು, ನೌಕರಿಗೆ ಅರ್ಜಿ ತುಂಬುತ್ತಿರುವವನು. ನೀವೂ ಅದೇ ಪಾಳಿಯಲ್ಲಿ ನಿಂತವರು. 2012ರ ಸಂವಿಧಾನ ತಿದ್ದುಪಡಿಯಿಂದ 371(ಜೆ) ಬಂದ ಮೇಲೆ ನಮ್ಮ ಯಾದಗಿರಿ ಕಡೆಯ ಹುಡುಗರಿಗೂ ಸರಕಾರಿ ಕುರ್ಚಿಯ ಆಸೆ ಹುಟ್ಟಿದೆ. ಕುರ್ಚಿ ಸಿಗಲಿ. ಆದರೆ ಕೂತ ಮೇಲೆ ನಾವು ಏನಾಗುತ್ತೇವೆ?

ನಾನು ಓದಿದ ಸಾಲಿಯ ಒಬ್ಬ ಮಾಸ್ತರರಿಗೆ ಗೊಬ್ಬರದ ಅಂಗಡಿ ಇತ್ತು. ಬೋರ್ಡಿನ ಮೇಲೆ ಹೆಂಡತಿ ಹೆಸರು, ಗಲ್ಲಾದ ಮುಂದೆ ಮಾಸ್ತರರು. ಮುಂಗಾರು ಬಂತೆಂದರೆ ಮಧ್ಯಾಹ್ನದ ಮೇಲೆ ಪಾಠವಿಲ್ಲ. "ಮಗ್ಗಿ ಬರೀರಲೇ" ಅಂತ ಹೇಳಿ ಗಾಡಿ ಹತ್ತುತ್ತಿದ್ದರು. ಸಾಹುಕಾರರ ಮಕ್ಕಳಿಗೆ ಟ್ಯೂಷನ್ ಇತ್ತು. ಕೇರಿಯ ಮಕ್ಕಳಿಗೆ ಆ ಮಾಸ್ತರರೇ ಗತಿ. ನನ್ನ ಜೊತೆ ಕೂತವರಲ್ಲಿ ಎಷ್ಟೋ ಜನ ಭಾಗಾಕಾರ ಬಾರದೆಯೇ ಬೆಂಗಳೂರಿಗೆ ಗುಳೆ ಹೋದರು.

ಇದಕ್ಕೆ ಕಾನೂನು ಇಲ್ಲವೆ? ಇದೆ. ನಮ್ಮ ರಾಜ್ಯದಲ್ಲಿ 1966ರಲ್ಲೇ ನಡತೆ ನಿಯಮಗಳು ಬಂದವು. 2021ರಲ್ಲಿ ಅವುಗಳ ಜಾಗಕ್ಕೆ ಹೊಸವು ಬಂದವು. ಪೂರ್ವಾನುಮತಿ ಇಲ್ಲದೆ ನೌಕರ ವ್ಯಾಪಾರ ಮಾಡುವಂತಿಲ್ಲ, ಬೇರೆ ನೌಕರಿ ಹಿಡಿಯುವಂತಿಲ್ಲ. ಮನೆಯವರು ವ್ಯಾಪಾರ ಮಾಡಿದರೆ ಸರಕಾರಕ್ಕೆ ತಿಳಿಸಬೇಕು. ಮಾಸ್ತರರು ಖಾಸಗಿ ಟ್ಯೂಷನ್ ನಡೆಸಬಾರದೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಕಲಮು ಹೇಳುತ್ತದೆ.

ಹೆಂಡತಿ ಅಂಗಡಿ ಇಡುವುದು ತಪ್ಪಲ್ಲ. ನೌಕರನ ಅವ್ವ ಎಮ್ಮೆ ಕಟ್ಟಿ ಹಾಲು ಮಾರಿದರೆ ಯಾರ ಗಂಟೂ ಹೋಗುವುದಿಲ್ಲ. ಜನರ ಹೊತ್ತನ್ನು ಕದ್ದು ಮಾರುವುದು ತಪ್ಪು. ಕುರ್ಚಿಯ ಬಲದಿಂದ ಗಿರಾಕಿ ಹಿಡಿಯುವುದು ಅದಕ್ಕಿಂತ ದೊಡ್ಡ ತಪ್ಪು. ಮಗನ ಪಾಸು ಫೇಲು ಯಾರ ಕೈಯಲ್ಲಿದೆಯೋ ಅವರ ಅಂಗಡಿಯಲ್ಲಿ ನಮ್ಮಪ್ಪ ಚೌಕಾಸಿ ಮಾಡಿಯಾನೆ?

ಇದೇ ನಿಯಮ ತೋರಿಸಿ "ನಿನಗ ನೌಕರಿ ಬೇಕೋ, ಕವಿತೆ ಬೇಕೋ?" ಅಂತ ಹೆದರಿಸುವವರೂ ಇದ್ದಾರೆ. ಹೆದರಬೇಡಿ, ಓದಿ ನೋಡಿ. 1964ರ ಕೇಂದ್ರ ನಿಯಮಗಳಲ್ಲಿ ಸಂಬಳವಿಲ್ಲದ ಸಮಾಜಸೇವೆಗೆ, ಆಗೊಮ್ಮೆ ಈಗೊಮ್ಮೆ ಮಾಡುವ ಸಾಹಿತ್ಯ, ಕಲೆಯ ಕೆಲಸಕ್ಕೆ ಮೊದಲೇ ಅನುಮತಿ ಕೇಳಬೇಕಿಲ್ಲ. ಕೆಲಸ ಕೆಡಬಾರದು, ಅಷ್ಟೇ. ಆದರೆ ಸರಕಾರವನ್ನೇ ಟೀಕಿಸಿದರೆ ಹಿಡಿಯಲು ಬೇರೆ ಕಲಮು ಇದೆ, ಅದನ್ನೂ ತಿಳಿದಿರಿ.

ಬಾಬಾಸಾಹೇಬರು 1918ರಲ್ಲಿ ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜು ಸೇರಿದರು. ಅದು ಸರಕಾರಿ ಕಾಲೇಜು, ಸಂಬಳ ತಿಂಗಳಿಗೆ 450 ರೂಪಾಯಿ. 1920ರ ಜನವರಿ 31ರಂದು 'ಮೂಕನಾಯಕ' ಹೊರಟಾಗ ಸಂಪಾದಕರೆಂದು ಪಾಂಡುರಂಗ ನಂದರಾಮ ಭಟ್ಕರರ ಹೆಸರಿತ್ತು. ಸರಕಾರಿ ನೌಕರರಾದ ಬಾಬಾಸಾಹೇಬರು ತಮ್ಮ ಹೆಸರು ಹಾಕುವಂತಿರಲಿಲ್ಲ.

ಅವರೂ ಬೇರೆಯವರ ಹೆಸರು ಹಾಕಲಿಲ್ಲವೆ ಅಂತ ನೀವು ಕೇಳಬಹುದು. ಕೇಳಲೇಬೇಕು. ಮಾಸ್ತರರು ಹೆಸರು ಮರೆಸಿದ್ದು ಗಲ್ಲಾ ತುಂಬಲಿಕ್ಕೆ. ಬಾಬಾಸಾಹೇಬರು ಮರೆಸಿದ್ದು ಮೂಕರಿಗೆ ಬಾಯಿ ಕೊಡಲಿಕ್ಕೆ. ಆ ನೌಕರಿಯನ್ನೂ ಅವರು ಕಚ್ಚಿ ಹಿಡಿಯಲಿಲ್ಲ. ಅದೇ ವರ್ಷ ರಾಜೀನಾಮೆ ಕೊಟ್ಟು ಓದು ಮುಗಿಸಲು ಲಂಡನ್ನಿಗೆ ಹೋದರು.

ನಾಳೆ ನಮ್ಮಲ್ಲಿ ಒಬ್ಬ ಮಾಸ್ತರ, ಒಬ್ಬ ಗುಮಾಸ್ತ, ಒಬ್ಬ ಪಿ.ಡಿ.ಒ. ಆಗುತ್ತಾನೆ. ಆಗ ಕೇರಿಯ ಮುದುಕಿಯೊಬ್ಬಳು ಬಾಗಿಲಿಗೆ ಬಂದು "ಸಾಹೇಬ ಎಲ್ಲಿ?" ಅಂದರೆ "ಅಂಗಡ್ಯಾಗ ಅದಾರ" ಅನ್ನುವ ಮಾತು ಹುಟ್ಟಬಾರದು. ನಮ್ಮ ಹೊತ್ತು ಆಕೆಯದು. ಉಳಿದ ರಾತ್ರಿ ನಮ್ಮದು. ಅದರಲ್ಲಿ ಕವಿತೆ ಬರೆಯೋಣ.

ಜೈ ಭೀಮ್.