ಇಂಗ್ಲಿಷ್ ಪೇಪರ್ ಮತ್ತು ನನ್ನ ಬೆಂಚಿನ ಗೆಳೆಯ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಂಘಟಕರು ನನಗೆ ಕೊಟ್ಟ ವಿಷಯ "ಹಳ್ಳಿಯಿಂದ ಸಾಫ್ಟ್‌ವೇರ್‌ವರೆಗೆ". ಆ ವಿಷಯದಲ್ಲಿ ನನ್ನ ಹತ್ತಿರ ಹೇಳುವಂಥದ್ದು ಹೆಚ್ಚಿಲ್ಲ. ಹತ್ತನೇತ್ತೆ ಪಾಸಾಯಿತು, ಪಿಯುಸಿ ಆಯಿತು, ಬಿ.ಇ. ಆಯಿತು, ನೌಕರಿ ಸಿಕ್ಕಿತು. ಅದರಲ್ಲಿ ಭಾಷಣ ಮಾಡುವಂಥದ್ದೇನಿದೆ? ಅಧ್ಯಕ್ಷರ ಅಪ್ಪಣೆ ಪಡೆದು ಬೇರೆ ಮಾತು ಆಡುತ್ತೇನೆ. ಹತ್ತನೇ ತರಗತಿಯ ಇಂಗ್ಲಿಷ್ ಪರೀಕ್ಷೆಯ ಬಗ್ಗೆ. ಮುಂದೆ ಕುಳಿತ ಮಕ್ಕಳಿಗೆ ಇನ್ನು ಕೆಲವೇ ತಿಂಗಳಲ್ಲಿ ಅದು ಬರುತ್ತದೆ. ನನಗೆ ಅದು ಮುಗಿದು ಇಪ್ಪತ್ತು ವರ್ಷವಾಗುತ್ತ ಬಂತು, ಆದರೂ ಪೂರ್ತಿ ಮುಗಿದಿಲ್ಲ. ಯಾಕೆ ಮುಗಿದಿಲ್ಲ ಎಂಬುದನ್ನೇ ಹೇಳಬೇಕಾಗಿದೆ.

ನಾವು ಐದನೇತ್ತೆಯಲ್ಲಿ ಎ ಬಿ ಸಿ ಡಿ ಬರೆದವರು. ಒಂದನೇ ತರಗತಿಯಿಂದ ಇಂಗ್ಲಿಷ್ ಬಂದದ್ದು 2007ರಲ್ಲಿ. ಅಷ್ಟೊತ್ತಿಗೆ ನಾವು ಈ ಗೇಟು ದಾಟಿ ಹೋಗಿದ್ದೆವು. ಹೀಗಾಗಿ ಎಸ್ಸೆಸ್ಸೆಲ್ಸಿಗೆ ಬಂದಾಗ ನಮ್ಮ ಇಂಗ್ಲಿಷಿಗೆ ಐದಾರು ವರ್ಷದ ವಯಸ್ಸು. ಅಂಥವರ ಕೈಗೆ ಕಥೆ, ಪದ್ಯ, ನಾಟಕದ ತುಣುಕು ಇರುವ ಪುಸ್ತಕ ಕೊಟ್ಟರು. ನಾವು ಮಾಡಿದ ಮೊದಲ ಕೆಲಸವೆಂದರೆ ಪ್ರತಿ ಸಾಲಿನ ಮೇಲೆ ಪೆನ್ಸಿಲಿನಿಂದ ಕನ್ನಡದಲ್ಲಿ ಉಚ್ಚಾರ ಬರೆದುಕೊಂಡದ್ದು. ಇಂಗ್ಲಿಷ್ ಪುಸ್ತಕದೊಳಗೆ ಇನ್ನೊಂದು ಕನ್ನಡ ಪುಸ್ತಕ. ಓದಿದರೆ ಎರಡೂ ಅರ್ಥವಾಗುತ್ತಿರಲಿಲ್ಲ. ನಗಬೇಡಿ, ಇಲ್ಲಿ ಕುಳಿತವರಲ್ಲಿ ಅರ್ಧ ಮಂದಿ ಹಾಗೇ ಓದಿದವರು.

ಆ ವರ್ಷ ಇಂಗ್ಲಿಷ್ ಶಿಕ್ಷಕರ ಹುದ್ದೆ ಅರ್ಧ ವರ್ಷ ಖಾಲಿ ಇತ್ತು. ನಮ್ಮ ಕನ್ನಡದ ಗುರುಗಳೇ ಆ ಪಿರಿಯಡ್ ತೆಗೆದುಕೊಂಡರು. ಅವರು ಮೊದಲ ದಿನವೇ ಅಂದರು: "ತಮ್ಮಾ, ನನಗ ಇಂಗ್ಲಿಷ್ ಭಾಳ ಬರೂದಿಲ್ಲ. ಆದ್ರ ಕಥಿ ಅಂದ್ರ ಏನಂತ ಗೊತ್ತೈತಿ. ನಾವು ಕಥಿ ಹಿಡಿಯೂಣು, ಇಂಗ್ಲಿಷ್ ಹಿಂದಿಂದ ಬರ್ತೈತಿ." ಒಂದು ಪಾಠ ಮುಗಿದರೆ ಆ ರಾತ್ರಿ ಮನೆಯಲ್ಲಿ ಅವ್ವನಿಗೋ ಅಜ್ಜಿಗೋ ನಮ್ಮ ಮಾತಿನಲ್ಲಿ ಅದನ್ನು ಹೇಳಬೇಕು. ಅವ್ವ ಒಂದು ಪ್ರಶ್ನೆ ಕೇಳಬೇಕು. ಮರುದಿನ ಆ ಪ್ರಶ್ನೆಗೆ ಇಂಗ್ಲಿಷಿನಲ್ಲಿ ಐದು ಸಾಲು ಬರೆಯಬೇಕು. ತಪ್ಪಿರಲಿ, ಐದು ಸಾಲು ಇರಬೇಕು.

ನಾನು ಇದನ್ನು ಮಾಡಲಿಲ್ಲ. ಸಂತೆಯಲ್ಲಿ ಗೈಡ್ ಕೊಂಡು ಅದರ ಉತ್ತರ ಬಾಯಿಪಾಠ ಮಾಡಿದೆ. ನಾಲಿಗೆ ಚುರುಕಿತ್ತು, ನೆನಪು ಇತ್ತು. ಅವ್ವ ಏನು ಕೇಳಿದಳೆಂದು ಗುರುಗಳು ಕೇಳಿದರೆ ಸುಳ್ಳು ಪ್ರಶ್ನೆ ಕಟ್ಟಿ ಹೇಳುತ್ತಿದ್ದೆ.

ಇದನ್ನು ಸರಿಯಾಗಿ ಮಾಡಿದವನು ನನ್ನ ಬೆಂಚಿನ ಗೆಳೆಯ. ಅವನು ಪುನರ್ವಸತಿ ಕೇಂದ್ರದವನು, ನಾವೆಲ್ಲ ಆರ್.ಸಿ. ಅನ್ನುತ್ತೇವಲ್ಲ, ಅಲ್ಲಿಂದ ನಡೆದು ಬರುತ್ತಿದ್ದ. ಅವನು ಪಾಠ ಹೇಳಲು ನಿಂತರೆ ಇಡೀ ತರಗತಿ ಸುಮ್ಮನಾಗುತ್ತಿತ್ತು. ಯಾರು ಯಾರಿಗೆ ಅಂದರು, ಆಗ ಅವರ ಮುಖ ಹೇಗಿತ್ತು, ಸುಳ್ಳು ಹೇಳಿದರೋ ನಿಜ ಹೇಳಿದರೋ, ಎಲ್ಲ ಅವನಿಗೆ ತಿಳಿಯುತ್ತಿತ್ತು. ಗೈಡಿನಲ್ಲಿದ್ದ ಉತ್ತರದ ಅರ್ಥವನ್ನು ನನಗೆ ಬಿಡಿಸಿ ಹೇಳಿದವನು ಅವನೇ. ಆದರೆ ಬರೆಯಲು ಕುಳಿತರೆ ಕೈ ಕಟ್ಟಿದಂತೆ. ಒಂದು ವಾಕ್ಯ ಬರೆದು ನಾಲ್ಕು ಸಲ ಅಳಿಸುತ್ತಿದ್ದ. ತಪ್ಪಾದರೆ ಎಂಬ ಅಂಜಿಕೆ ನನಗಿರಲಿಲ್ಲ, ಯಾಕೆಂದರೆ ನನ್ನದು ನನ್ನ ವಾಕ್ಯವಾಗಿರಲಿಲ್ಲ.

ಫಲಿತಾಂಶ ಬಂತು. ನನಗೆ ಇಂಗ್ಲಿಷಿನಲ್ಲಿ 81. ಅವನಿಗೆ 31. ಉಳಿದ ಐದೂ ವಿಷಯ ಪಾಸು. ಆಗ ಪಾಸಾಗಲು 35 ಬೇಕಿತ್ತು.

ಜೂನಿನಲ್ಲಿ ಪೂರಕ ಪರೀಕ್ಷೆ ಇತ್ತು. ಅವನು ನಮ್ಮ ಮನೆಗೆ ಬಂದು ಕಟ್ಟೆಯ ಮೇಲೆ ಕುಳಿತು ಒಂದೇ ಮಾತು ಕೇಳಿದ: "ಒಂದ್ ಹದಿನೈದ್ ದಿನ ನನ್ನ ಕೂಡ ಕುಂಡರ್ತಿ ಏನು? ನಾ ಹೇಳ್ತೀನಿ, ನೀ ಬರಸು." ನಾನು ಹೂಂ ಅಂದೆ. ಅಂದವನು ಮುಂದಿನ ವಾರ ಪಿಯುಸಿಯ ಪೂರ್ವತಯಾರಿ ಕ್ಲಾಸು ಎಂದು ವಿಜಾಪುರಕ್ಕೆ ಹೋದೆ. ಹೋಗುವ ಮುಂಚೆ ಅವನಿಗೆ ಹೇಳಿ ಹೋಗಲಿಲ್ಲ. ಹೇಳಿದ್ದರೆ ಬಿಡುತ್ತಿದ್ದನೇನೋ, ಹೇಳಲು ಮುಖ ಇರಲಿಲ್ಲ. ಅವನು ಪರೀಕ್ಷೆಯ ಫೀ ಕಟ್ಟಲಿಲ್ಲ. ದೀಪಾವಳಿಗೆ ಊರಿಗೆ ಬಂದಾಗ ಅವನು ಗೋವಾಕ್ಕೆ ದುಡಿಯಲು ಹೋಗಿದ್ದಾನೆಂದು ತಿಳಿಯಿತು.

ಈ ಮಾತನ್ನು ನಾನು ಈ ಊರಿನಲ್ಲಿ ಮೊದಲ ಸಲ ಹೇಳುತ್ತಿದ್ದೇನೆ.

ಬಿ.ಇ. ಓದುವಾಗ ಹಾಸ್ಟೆಲಿನ ಒಂದೇ ಕೋಣೆಯಲ್ಲಿ ನಾವು ನಾಲ್ವರು: ಒಬ್ಬ ಇಂಡಿಯವ, ಒಬ್ಬ ಸಿಂದಗಿಯವ, ಒಬ್ಬ ಮುದ್ದೇಬಿಹಾಳದವ, ಒಬ್ಬ ಬಸವನ ಬಾಗೇವಾಡಿಯವ. ಮನೆಯಿಂದ ಬರುವ ರೊಟ್ಟಿ ಒಂದೇ, ಚಟ್ನಿ ಬೇರೆ. ಇಂಗ್ಲಿಷಿನ ವಿಷಯದಲ್ಲಿ ನಾಲ್ವರ ಕಥೆಯೂ ಒಂದೇ: ಕನ್ನಡ ಮಾಧ್ಯಮ, ಗೈಡು, ಒಳ್ಳೆಯ ಅಂಕ, ಬಾಯಿ ಬಂದ್. ಮೊದಲ ಸೆಮಿಸ್ಟರಿನಲ್ಲಿ ಪ್ರಾಧ್ಯಾಪಕರು "ಎನಿ ಡೌಟ್ಸ್?" ಅಂದರೆ ನಾಲ್ವರೂ ತಲೆ ಕೆಳಗೆ ಹಾಕುತ್ತಿದ್ದೆವು. ಡೌಟು ಬೇಕಾದಷ್ಟಿತ್ತು, ಕೇಳುವ ವಾಕ್ಯ ಇರಲಿಲ್ಲ. ಇಂಡಿಯ ಗೆಳೆಯನಿಗೆ ನಮ್ಮ ಗುರುಗಳ ಪದ್ಧತಿ ಹೇಳಿದಾಗ ಅವನು ನಕ್ಕು, "ಇದೇನ್ ಹೊಸಾದಲ್ಲಲೇ, ನಮ್ಮ ಕಡೆ ಮಧುರಚೆನ್ನರು ಇದ್ರಲ್ಲ" ಅಂದ. ಹಲಸಂಗಿಯ ಮಧುರಚೆನ್ನರು ಶಾಲೆಯಲ್ಲಿ ಓದಿದ್ದು ಮುಲ್ಕಿಯವರೆಗೆ. ಇಂಗ್ಲಿಷನ್ನು ತಾವೇ ಕಲಿತು ಅರವಿಂದರನ್ನು ಓದಿದರು. ಅದೇ ಕಾಲಕ್ಕೆ ಗೆಳೆಯರೊಂದಿಗೆ ಹೆಣ್ಣುಮಕ್ಕಳ ಬಾಯಿಂದ ಬೀಸುವ ಹಾಡು ಕೇಳಿ ಬರೆದುಕೊಂಡರು. 1931ರ "ಗರತಿಯ ಹಾಡು" ಆ ಹಲಸಂಗಿ ಗೆಳೆಯರ ಸಂಗ್ರಹ. ಅವ್ವನ ಮಾತು ಬಿಟ್ಟು ಇಂಗ್ಲಿಷಿಗೆ ಹೋದವರಲ್ಲ ಅವರು. ಆ ರಾತ್ರಿಯಿಂದ ನಮ್ಮ ಕೋಣೆಯಲ್ಲಿ ದಿನಾ ಊಟದ ನಂತರ ಐದು ಸಾಲು ಶುರುವಾಯಿತು. ಅರ್ಧ ವರ್ಷ ನಡೆಯಿತು, ಆಮೇಲೆ ಕ್ರಿಕೆಟ್ ಬಂದು ನಿಂತಿತು. ಅಷ್ಟರಲ್ಲಿ ಕೆಲಸ ಆಗಿತ್ತು.

ಈಗ ಮೂರು ವರ್ಷದ ಹಿಂದಿನ ಮಾತು. ಜನವರಿಯಲ್ಲಿ ಜಾತ್ರೆಗೆ ಬಂದಾಗ ಮುಖ್ಯಗುರುಗಳು, "ಊರಾಗ ಇರೂತನಕ ಹತ್ತನೇತ್ತೆ ಹುಡುಗರಿಗೆ ಒಂದೀಟು ಇಂಗ್ಲಿಷ್ ಹೇಳ್ರಿ" ಅಂದರು. ಈಗಿನ ಪುಸ್ತಕ ನಮ್ಮದಲ್ಲ. ತೆರೆದು ನೋಡಿದೆ. ಮೊದಲಿಗೇ ಆರ್.ಕೆ. ನಾರಾಯಣರ ಸ್ವಾಮಿ. ಶಂಕರ್‌ನಾಗ್ ಅವರ "ಮಾಲ್ಗುಡಿ ಡೇಸ್" ನೋಡಿದ ಹಿರಿಯರಿಗೆಲ್ಲ ಪರಿಚಯದ ಹುಡುಗ: ಕತ್ತಲೆಗೆ ಅಂಜಿ ನಡುಗುತ್ತ ಅಪ್ಪನ ಆಫೀಸು ಕೋಣೆಯಲ್ಲಿ ಮಲಗಿ, ಕಳ್ಳನ ಕಾಲು ಕಚ್ಚಿ ಹೀರೋ ಆದವನು. ಇನ್ನೊಂದು ಕಡೆ ನಮ್ಮ ವಿನಾಯಕ ಕೃಷ್ಣ ಗೋಕಾಕರ ಇಂಗ್ಲಿಷ್ ಕವಿತೆ. ಸವಣೂರಿನಲ್ಲಿ ಹುಟ್ಟಿ, ಇಂಗ್ಲಿಷ್ ಪ್ರಾಧ್ಯಾಪಕರಾಗಿ, ಕನ್ನಡಕ್ಕೆ ಜ್ಞಾನಪೀಠ ತಂದವರು ಹತ್ತನೇತ್ತೆಯ ಇಂಗ್ಲಿಷ್ ಪುಸ್ತಕದಲ್ಲಿದ್ದಾರೆಂದು ಮಕ್ಕಳಿಗೆ ಯಾರಾದರೂ ಹೇಳಿದ್ದರೋ ಇಲ್ಲವೋ. ಅವರಿಗೆ ಅದು "ನಾಲ್ಕು ಅಂಕದ ಪೋಯಮ್" ಅಷ್ಟೇ ಆಗಿತ್ತು.

ಷೇಕ್ಸ್‌ಪಿಯರನ ದಯೆಯ ಪದ್ಯ ಇದೆ. ನೆನಪಿನಿಂದ ಬರೆಯಿರಿ ಎಂದು ಪರೀಕ್ಷೆಗೆ ಬರುವಂಥದ್ದು, ಎಲ್ಲರಿಗೂ ಬಾಯಿಪಾಠ. ಯಾರು ಹೇಳಿದ್ದು, ಯಾಕೆ ಹೇಳಿದ್ದು ಎಂದು ಕೇಳಿದೆ. ಸುಮ್ಮನೆ ಕುಳಿತರು. ಆಗ ಇಂಗ್ಲಿಷ್ ಪುಸ್ತಕ ಮುಚ್ಚಿಸಿ ಕಥೆ ಹೇಳಿದೆ. ಒಬ್ಬ ಸಾಲ ಕೊಟ್ಟವ. ಇನ್ನೊಬ್ಬ ಗೆಳೆಯನ ಸಲುವಾಗಿ ಸಾಲಕ್ಕೆ ಸಹಿ ಹಾಕಿದವ. ಹೇಳಿದ ದಿನಕ್ಕೆ ಹಣ ಬರದಿದ್ದರೆ ಮೈಯ ಒಂದು ಪೌಂಡು ಮಾಂಸ ಕೊಡಬೇಕೆಂದು ಕರಾರು. ಕೋರ್ಟಿನಲ್ಲಿ ವಕೀಲನ ವೇಷ ಹಾಕಿ ನಿಂತ ಹೆಣ್ಣುಮಗಳು ಪೋರ್ಷಿಯಾ ಆ ಸಾವುಕಾರನಿಗೆ ದಯೆಯ ಮಾತು ಹೇಳುತ್ತಾಳೆ. ಸಾಲ, ಕರಾರು, ಜಾಮೀನು, ಸಾವುಕಾರ! ನಮ್ಮ ಮಕ್ಕಳಿಗೆ ಇವುಗಳ ಅರ್ಥ ಬಿಡಿಸಬೇಕೇ? ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಸರ್, ಅಂವ ಕೇಳಿದ್ನ್ರಿ ಆಕಿ ಮಾತು?" ಅಂದ. ಬಾಯಿಪಾಠ ಮಾಡಿ ಆರು ತಿಂಗಳಾಗಿತ್ತು, ಆ ಪ್ರಶ್ನೆ ಅವತ್ತು ಹುಟ್ಟಿತು. ಬಸವಣ್ಣನವರು ಹುಟ್ಟಿದ ನೆಲದ ಮಕ್ಕಳು ಇವರು. ದಯೆಯ ವಚನ ಒಂದನೇತ್ತೆಯಿಂದ ಬಾಯಲ್ಲಿದೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ ಎಂದಷ್ಟೇ ಹೇಳಿದೆ.

ಆದರೆ ನಾನು ಹೇಳಬೇಕೆಂದು ಬಂದದ್ದು ಇನ್ನೊಂದು ಪಾಠದ ಬಗ್ಗೆ. ಅಮೆರಿಕದ ನ್ಯೂ ಮೆಕ್ಸಿಕೊ ಕಡೆಯ ಹಳ್ಳಿ, ಡಾನ್ ಆನ್ಸೆಲ್ಮೊ ಎಂಬ ಮುದುಕ. ಹರಕು ಕೋಟು, ಬಟ್ಟೆ ಹೋಗಿ ಕಡ್ಡಿ ಮಾತ್ರ ಉಳಿದ ಛತ್ರಿಯೇ ಊರುಗೋಲು. 1200 ಡಾಲರಿಗೆ ಭೂಮಿ ಮಾರಲು ಒಪ್ಪಿದ್ದಾನೆ. ಅಳೆದು ನೋಡಿದರೆ ಅವನಂದುಕೊಂಡ ಎರಡರಷ್ಟು ನೆಲ. ಕೊಳ್ಳುವವರು ಹೆಚ್ಚಿನ ಹಣ ಕೊಡಲು ಬಂದರೆ, ಮಾತು ಆಗಿದೆ ಎಂದು ಬೇಡ ಅನ್ನುತ್ತಾನೆ. ಆಮೇಲೆ ಊರ ಮಕ್ಕಳು ತೋಟಕ್ಕೆ ಬರುವುದು ಬಿಡುವುದಿಲ್ಲ. ಕೇಳಿದರೆ ಹೇಳುತ್ತಾನೆ: ನಾನು ಮಾರಿದ್ದು ನೆಲ, ಗಿಡ ಅಲ್ಲ. ಊರಲ್ಲಿ ಒಂದೊಂದು ಮಗು ಹುಟ್ಟಿದಾಗ ಅದರ ಹೆಸರಲ್ಲಿ ನೆಟ್ಟ ಗಿಡಗಳು; ಅವು ಮಕ್ಕಳವು. ಕೊನೆಗೆ ಕೊಂಡವರು ಒಂದೊಂದೇ ಗಿಡವನ್ನು ಅದರದರ ಒಡೆಯರಿಂದ ಕೊಳ್ಳಬೇಕಾಗುತ್ತದೆ.

ಈ ಪಾಠ ಹೇಳುವ ಸಂಜೆ ಬಾಗಿಲಲ್ಲಿ ಒಬ್ಬ ಅಜ್ಜ ಮೊಮ್ಮಗಳನ್ನು ಕರೆದುಕೊಂಡು ಹೋಗಲು ಬಂದು ನಿಂತಿದ್ದರು. ನನ್ನ ಗೆಳೆಯನ ಅಪ್ಪ. ಹುಡುಗಿ ಅವನ ಅಣ್ಣನ ಮಗಳು. ಒಳಗೆ ಬರ್‍ರಿ ಕಾಕಾ ಅಂದೆ. ಬರಲಿಲ್ಲ, ಚೌಕಟ್ಟಿಗೆ ಕೈ ಕೊಟ್ಟು ಪೂರ್ತಿ ಕೇಳಿದರು. ಆಲಮಟ್ಟಿಯ ನೀರು ನಿಂತಾಗ ಅವರ ಊರು ಹೋಯಿತು. ಈಗ ನೀರು ನಿಲ್ಲಿಸುವುದು 519.60 ಮೀಟರಿಗೆ, ಅದನ್ನು 524.256ಕ್ಕೆ ಏರಿಸುವ ಮಾತು ನಡೆದೇ ಇದೆ, ನಿಮಗೆಲ್ಲ ಗೊತ್ತು. ಹೊಲಕ್ಕೊಂದು ಲೆಕ್ಕ, ಬಾವಿಗೊಂದು ಲೆಕ್ಕ, ಗಿಡಕ್ಕೊಂದು ಲೆಕ್ಕ ಹಾಕಿ ಪರಿಹಾರ ಬಂದಿತ್ತು. ಪಾಠ ಮುಗಿದ ಮೇಲೆ ಅಜ್ಜ ಅಂದರು: "ನಮ್ಮ ಹೊಲದಾನ ಮಾವಿನ ಗಿಡಕ್ಕೂ ರೊಕ್ಕ ಬಂತಪಾ. ಆದ್ರ ಅದು ಯಾರ ಗಿಡಾ ಅಂತ ಯಾರೂ ಕೇಳಲಿಲ್ಲ. ಸಣ್ಣಾವ ಹುಟ್ಟಿದಾಗ ಹಚ್ಚಿದ್ದು." ಸಣ್ಣಾವ ಅಂದರೆ ನನ್ನ ಗೆಳೆಯ.

ಮರುದಿನ ಆ ಹುಡುಗಿ ಐದು ಸಾಲು ಬರೆದು ತಂದಿದ್ದಳು. ಅದರಲ್ಲೊಂದು ಸಾಲು: "ಗ್ರ್ಯಾಂಡ್‌ಫಾದರ್ ಸೋಲ್ಡ್ ಲ್ಯಾಂಡ್, ಟ್ರೀ ಈಸ್ ಅಂಕಲ್ಸ್." ವ್ಯಾಕರಣ ಅಲ್ಲಲ್ಲಿ ಹರಿದಿದೆ. ಯಾವ ಗೈಡಿನಲ್ಲೂ ಇಲ್ಲದ ಸಾಲು. ನಾನು ತಿದ್ದಿದೆ, ಆದರೆ ಹೊಡೆದುಹಾಕಲಿಲ್ಲ. ಆಕೆ ಪಾಸಾಗಿ ಈಗ ಪಿಯುಸಿ ಓದುತ್ತಿದ್ದಾಳೆ. ಅಂಕ ಕೇಳಬೇಡಿ, ನನ್ನಷ್ಟು ಬಿದ್ದಿಲ್ಲ. ಆದರೆ ಮೊನ್ನೆ ಬ್ಯಾಂಕಿನಲ್ಲಿ ಅಜ್ಜನ ಅರ್ಜಿಯನ್ನು ತಾನೇ ಇಂಗ್ಲಿಷಿನಲ್ಲಿ ಬರೆದು ಕೊಟ್ಟಳಂತೆ.

ಮಕ್ಕಳೇ, ಪರೀಕ್ಷೆಯ ಮಾತೂ ಎರಡು ಹೇಳಿಬಿಡುತ್ತೇನೆ, ಇಲ್ಲವಾದರೆ ನಿಮ್ಮ ಗುರುಗಳು ಸಿಟ್ಟಾಗುತ್ತಾರೆ. ಸಾಲು ಕೊಟ್ಟು ಯಾರು ಯಾರಿಗೆ ಹೇಳಿದರು ಎಂದು ಕೇಳುವ ಪ್ರಶ್ನೆಗೆ ಗೈಡು ಬೇಡವೇ ಬೇಡ. ಕಥೆ ಗೊತ್ತಿದ್ದರೆ ಉತ್ತರ ಗೊತ್ತು. ಪತ್ರ ಬರೆಯುವ ಪ್ರಶ್ನೆ ಬಿಡಬೇಡಿ. ನೀವು ಸುರೇಶ ಎಂದು ತಿಳಿದು ಬರೆಯಿರಿ ಅಂದರೆ ಸುರೇಶನ ಹೆಸರೇ ಹಾಕಿ, ನಿಮ್ಮದಲ್ಲ. ನಾನು ನೌಕರಿಯಲ್ಲಿ ದಿನಾ ಮಾಡುವ ಕೆಲಸದಲ್ಲಿ ಅರ್ಧ ಪತ್ರ ಬರೆಯುವುದೇ: ಏನು ಕೆಟ್ಟಿದೆ, ಯಾಕೆ ಕೆಟ್ಟಿದೆ, ಎಂದು ಸರಿಯಾಗುತ್ತದೆ. ಅದಕ್ಕೆ ಬೇಕಾದ ಇಂಗ್ಲಿಷ್ ನಿಮ್ಮ ಪುಸ್ತಕದಲ್ಲಿ ಇರುವಷ್ಟೇ. ಬಾಯಿಪಾಠ ಬೇಡವೆಂದು ನಾನು ಹೇಳುವುದಿಲ್ಲ. ಪಾಸಾಗಲು ಅದು ಬೇಕು, ಪಾಸಾಗದಿದ್ದರೆ ಏನಾಗುತ್ತದೆಂದು ನಾನು ನೋಡಿದ್ದೇನೆ.

ಗೆಳೆಯ ಈಗ ಗೋವಾದಲ್ಲಿ ಗೌಂಡಿ. ಕೊಂಕಣಿ, ಹಿಂದಿ ಸಲೀಸು. ಇಂಗ್ಲಿಷನ್ನೂ ನನಗಿಂತ ಧೈರ್ಯವಾಗಿ ಮಾತಾಡುತ್ತಾನೆ, ಅಳಿಸುವ ಚಟ ಹೋಗಿದೆ. ಹೋದ ವರ್ಷ ಫೋನಿನಲ್ಲಿ ಆ ಜೂನ್ ತಿಂಗಳ ಮಾತು ತೆಗೆದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದನ್ನ ಇನ್ನಾ ಹಿಡಕೊಂಡಿಯೇನಲೇ?" ಅಂದ. ಮರೆತಿದ್ದೇನೆ ಅನ್ನಲಿಲ್ಲ.

ಇವತ್ತು ಅವನು ಇಲ್ಲಿಯೇ ಇದ್ದಾನೆ. ವೇದಿಕೆಗೆ ಬಾ ಅಂದರೆ ಬರಲಿಲ್ಲ. ಅಡುಗೆಯ ಕಡೆ ಹೋಳಿಗೆ ಎಣಿಸುತ್ತಿದ್ದಾನೆ. ನಾಳೆಯಿಂದ ಹದಿನೈದು ದಿನ ಇಬ್ಬರೂ ರಜೆ ಹಾಕಿದ್ದೇವೆ. ಸಂಜೆ ಐದಕ್ಕೆ ಹತ್ತನೇತ್ತೆಯ ಕೋಣೆಯಲ್ಲಿ ಕ್ಲಾಸು. ಅವನು ಕಥೆ ಹೇಳುತ್ತಾನೆ, ನಾನು ಬರೆಸುತ್ತೇನೆ. ನೋಟ್‌ಬುಕ್ಕು ತನ್ನಿ. ಅವ್ವಂದಿರೂ ಬರಬಹುದು, ಪ್ರಶ್ನೆ ಕೇಳಲು ಯಾರಾದರೂ ಬೇಕು.